ತಿಮಿಂಗಿಲಕ್ಕೆ ಉಡಿ ತುಂಬಲು ಹೊರಟವಳು

ನಮ್ಮ ಅಕ್ಕನ ತಲೆ ಸರಿಯಿಲ್ಲ ಎಂಬ ಮಾತನ್ನು ಒಪ್ಪದವರು ಲೋಕದಲ್ಲಿ ಇಬ್ಬರೇ. ಒಬ್ಬಳು ಸ್ವತಃ ಅಕ್ಕ. ಇನ್ನೊಬ್ಬ ಮಾಲ್ವಣದ ದೋಣಿಯವ. ಅವನಿಗೆ ಕನ್ನಡ ಬರುತ್ತಿರಲಿಲ್ಲ!

ಇನ್ನು ನಾನು. ಅವಳ ತಮ್ಮ, ಬಸವನ ಬಾಗೇವಾಡಿಯಲ್ಲಿ ಟಪಾಲು ಹಂಚುವವನು. ದಿನಾ ಸೈಕಲ್ ಹತ್ತಿ ಮಸೂತಿ ಊರಿನ ಕಡೆಯ ಹಳ್ಳಿಗಳಿಗೆ ಮಂದಿಯ ಮಾತನ್ನೆಲ್ಲ ಮುಟ್ಟಿಸಿ ಬರುತ್ತಿದ್ದೆ. ನನ್ನ ಸ್ವಂತ ಮಾತು ಮಾತ್ರ ಗಂಟಲು ದಾಟಿ ಹೊರಗೆ ಬಂದದ್ದು ಕಡಿಮೆ. ಹಾಗಾಗಿ ಅಕ್ಕನ ತಲೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅವಳಿಲ್ಲ. ಕೇಳಬೇಕಾದವರು ಹೋದ ಮೇಲೆ ಹೇಳಲು ಕೂಡುವುದು ನನ್ನಂಥವರ ಚಾಳಿ.

ಅಕ್ಕನನ್ನು ಇಂಡಿಗೆ ಕೊಟ್ಟಿತ್ತು. ನಿಂಬೆ ತೋಟ, ಒಂದು ಬಾವಿ, ಮಾತಾಡದ ಗಂಡ. (ನಮ್ಮ ಮನೆತನಕ್ಕೆ ಮಾತಾಡದ ಗಂಡಸರೇ ಯಾಕೆ ಒದಗಿ ಬರುತ್ತಾರೋ!) ಆಕೆಯ ಕೈ ಹೆಸರಾಗಿದ್ದದ್ದು ಉಡಿ ತುಂಬುವುದಕ್ಕೆ. ಬಸುರಿ ಹೆಂಗಸು ಸೆರಗು ಒಡ್ಡಿ ಕೂತರೆ ಮುತ್ತೈದೆಯರು ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಕುಬಸದ ಖಣ ಹಾಕುತ್ತಾರಲ್ಲ, ಅದು. ಎಲ್ಲರೂ ಹಾಕುತ್ತಾರೆ. ಅಕ್ಕ ಮಾತ್ರ ಹಾಕುತ್ತಾ ಬಸುರಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಬಸುರಿ ನಗುತ್ತಿದ್ದಳು, ಒಳಗಿನ ಕೂಸು ಒದೆಯುತ್ತಿತ್ತಂತೆ. ಇಂಡಿಯಿಂದ ಸಿಂದಗಿಯವರೆಗೆ ಬಸುರಿಯರು ಅವಳನ್ನು ಕರೆಯುತ್ತಿದ್ದರು. ಬಸುರಿಯರು ಸಿಗದ ತಿಂಗಳಲ್ಲಿ ಕೈ ಕಡಿಯುತ್ತಿತ್ತೋ ಏನೋ, ಹೊಸ ಹೊಲಿಗೆ ಮಷಿನ್ನಿಗೆ ಉಡಿ ತುಂಬಿದಳು. ಒಮ್ಮೆ ಬೋರು ಕೊರೆಯುವ ಲಾರಿಗೂ ತುಂಬಿದಳು. ಲಾರಿಗೆ ಸೆರಗೆಲ್ಲಿದೆ ಎಂದರೆ ಡ್ರೈವರನ ಟಾವೆಲ್ಲು ಒಡ್ಡಿಸಿದಳು. ನೀರು ಬಿತ್ತು!

ಆಮೇಲೆ ಅವಳ ಗಂಡ ತೀರಿಕೊಂಡ. ಗಂಡ ಹೋದವಳು ಉಡಿ ತುಂಬುವಂತಿಲ್ಲ. ಯಾರೂ ಬಂದು ಹಾಗೆಂದು ಹೇಳಲಿಲ್ಲ. ಸುಮ್ಮನೆ ಕರೆಯುವುದನ್ನು ಬಿಟ್ಟರು.

ನನ್ನ ಹೆಂಡತಿ ಬಸುರಿಯಾದಾಗ ಅವಳ ಕುಬಸದ ಕಾರ್ಯಕ್ಕೆ ನಾನೇ ಹೋಗಿ ಅಕ್ಕನನ್ನು ಕರೆತಂದೆ. ಅವಳು ಗುಳೇದಗುಡ್ಡದ ಖಣ ತಂದಿದ್ದಳು. ಹೆಂಗಸರು ಪಡಸಾಲೆಯಲ್ಲಿ ಸೇರಿದಾಗ ನಮ್ಮ ಅವ್ವ, ಆಕೆಯೂ ಗಂಡನನ್ನು ಕಳಕೊಂಡವಳೇ, ಮೆಲ್ಲಗೆ ಬಂದು ಅಂದಳು: "ಬಾರವಾ, ನಾವಿಬ್ರೂ ಒಳಗ ಕಡುಬು ನೋಡೂಣು." ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ಎಲೆಅಡಿಕೆ ತಟ್ಟೆ ಹಿಡಿದು ನಿಂತಿದ್ದೆ. 'ಅಕ್ಕ ತುಂಬಲಿ' ಎನ್ನಬೇಕಿತ್ತು. ಎರಡೇ ಶಬ್ದ. ಬಾಯಿ ತೆರೆಯಿತು, ಶಬ್ದ ಬರಲಿಲ್ಲ. ಅಕ್ಕ ಖಣವನ್ನು ಅವ್ವನ ಕೈಗೆ ಕೊಟ್ಟು ಒಳಗೆ ಹೋದಳು. ಅವತ್ತಿನ ಕಡುಬು ಬಹಳ ಚೆನ್ನಾಗಿದ್ದವು ಎಂದು ಎಲ್ಲರೂ ಹೊಗಳಿದರು.

ಅದಾಗಿ ಎರಡು ವರ್ಷಕ್ಕೆ ತಿಮಿಂಗಿಲದ ಸುದ್ದಿ ಬಂತು. ತಂದವನು ಇಂಡಿಯ ನಿಂಬೆಹಣ್ಣನ್ನು ಕೊಂಕಣಕ್ಕೆ ಒಯ್ಯುವ ಲಾರಿ ಡ್ರೈವರ್.

"ಅಕ್ಕಾರ, ಮಾಲ್ವಣದ ಸಮುದ್ರದಾಗ ಒಂದ್ ಮೀನ ಬಂದೈತ್ರಿ. ನನ್ನ ಲಾರಿಯಂಥಾವು ಎರಡು ನಿಲ್ಲಿಸಿದಷ್ಟ ಉದ್ದ. ಬಸುರಿ ಐತಿ ಅಂತಾರ್ರಿ ಅಲ್ಲಿ ಮಂದಿ."

"ಬಸುರಿ? ಎಷ್ಟನೇ ತಿಂಗಳಾ?"

"ಅದನ್ನ ನಾ ಹೆಂಗ ಕೇಳ್ಲೆರಿ!"

ಮರುದಿನ ನನ್ನ ಕಚೇರಿಗೆ ಫೋನು.

"ತಮ್ಮಾ, ರಜಾ ಹಾಕು. ತಿಮಿಂಗಿಲಕ್ಕ ಉಡಿ ತುಂಬಾಕ ಹೋಗೂದೈತಿ."

"ಯಕ್ಕಾ, ಅದು ಮೀನ."

"ಛಲೋನ ಆತು. ನನ್ನ ಗಂಡ ಅದಾನೋ ಇಲ್ಲೋ ಅಂತ ಮೀನ ಕೇಳೂದಿಲ್ಲಲ್ಲ!"

ಅಂದು ನಕ್ಕಳು. ಆ ನಗೆ ಫೋನಿನಲ್ಲಿ ಬಹಳ ಹೊತ್ತು ಕೇಳಿತು.

ಡ್ರೈವರನಿಂದ ಅವಳು ಪೂರಾ ಮಾಹಿತಿ ತೆಗೆದಳು. ಮಾಲ್ವಣದಲ್ಲಿ ಒಬ್ಬನ ಹತ್ತಿರ ಬಿಳಿಯದೊಂದು ಯಾಟ್, ಅಂದರೆ ಮೋಜಿನ ಹಾಯಿದೋಣಿ, ಇದೆ. ಯಾರೋ ವಿದೇಶಿಯವ ಬಿಟ್ಟುಹೋದದ್ದು, ಹಾಯಿ ಹರಿದಿದೆ, ಎಂಜಿನ್ ಮೇಲೆ ನಡೆಯುತ್ತದೆ. ಏಳು ಮಂದಿಗಿಂತ ಒಬ್ಬರನ್ನೂ ಹೆಚ್ಚು ಹತ್ತಿಸುವುದಿಲ್ಲ. ಮೊದಲು ಆಳ ನೀರಿಗೆ ಒಯ್ದು ತಿಮಿಂಗಿಲ ಹುಡುಕುತ್ತಾನೆ, ಬರುವಾಗ ಬಂಡೆಗಳ ಹತ್ತಿರ ನಿಲ್ಲಿಸಿ ಮುಖಕ್ಕೆ ಗಾಜು, ಬಾಯಿಗೆ ನಳಿಗೆ ಕೊಟ್ಟು ನೀರೊಳಗಿನ ಬಣ್ಣದ ಮೀನು ತೋರಿಸುತ್ತಾನೆ.

ಆರು ಹೆಂಗಸರು, ಒಬ್ಬ ನಾನು. ನಾನು ಸಾಮಾನಿನ ಲೆಕ್ಕದಲ್ಲಿ.

ಆಯ್ಕೆ ಶುರುವಾಯಿತು. ಸಿಂದಗಿಯ ಚಿಗವ್ವ, ಮುದ್ದೇಬಿಹಾಳದ ರಿಟೈರ್ಡ್ ಟೀಚರ್, ಮತ್ತೆ ಇಂಡಿಯ ಮೂವರು ಓಣಿಯ ಗೆಳತಿಯರು. ಈಜು ಗೊತ್ತಿದ್ದದ್ದು ಬಾವಿಯಲ್ಲಿ ಬೆಳೆದ ಅಕ್ಕನಿಗೆ ಮಾತ್ರ. ಉಳಿದವರಿಗೆ ತರಬೇತಿ! ನಿಂಬೆ ಗಿಡಕ್ಕೆ ಹನಿ ನೀರು ಬಿಡುವ ಕರಿ ಪೈಪನ್ನು ಮೊಳದುದ್ದ ಕತ್ತರಿಸಿ ಒಬ್ಬೊಬ್ಬರ ಕೈಗೆ ಕೊಟ್ಟಳು. ಪೈಪು ಬಾಯಲ್ಲಿ, ಮುಖ ನೀರಿನ ಹಂಡೆಯಲ್ಲಿ, ನೂರು ಎಣಿಸುವ ತನಕ ಏಳುವಂತಿಲ್ಲ. ಹಂಡೆ ಗೆದ್ದವರಿಗೆ ಬೆನ್ನಿಗೆ ಡಬ್ಬಿ ಕಟ್ಟಿ ಬಾವಿ. ಚಿಗವ್ವ ಹತ್ತಕ್ಕೇ ಎದ್ದು ಸೀನಿದಳು.

"ಏನವಾ ಇದು? ಹಂಡೇದಾಗ ಮೀನ ಎಲ್ಲಿ ಅದಾವ?"

"ಮೊದ್ಲ ಉಸರಾಡೂದು ಕಲಿ ಚಿಗವ್ವಾ. ಮೀನ ಆಮ್ಯಾಲೆ."

"ಐವತ್ತೆಂಟು ವರ್ಷದಿಂದ ಮತ್ತೇನ್ ಮಾಡಾಕತ್ತೇನಿ ನಾ?"

ಎಳ್ಳ ಅಮಾವಾಸ್ಯೆ ಮುಗಿದ ವಾರ ಕ್ರೂಸರ್ ಗಾಡಿ ಹೊರಟಿತು. ಗಗನಬಾವಡಾ ಘಾಟಿನ ಒಂದೊಂದು ತಿರುವಿಗೂ ಒಬ್ಬೊಬ್ಬರು ವಾಂತಿ ಮಾಡಿಕೊಂಡರು. ಅಕ್ಕ ಒಂದು ಚೀಲ ನಿಂಬೆಹಣ್ಣು ತಂದಿದ್ದಳು, ಮೂಸಲು ಒಂದು, ಚೀಪಲು ಒಂದು. ನನಗೆ ಮಾತ್ರ ಮೂರು ಕೊಟ್ಟಳು. "ಇವ ಹೇಳಂಗಿಲ್ಲ, ಒಮ್ಮೆಲೆ ಮಾಡ್ತಾನ."

ಸೀರೆಯುಟ್ಟ ಆರು ಹೆಂಗಸರು, ರೊಟ್ಟಿಯ ಗಂಟು, ಅರಿಷಿಣ ಕುಂಕುಮದ ಭರಣಿ ಕಂಡು ದೋಣಿಯವ ಕೈ ಮುಗಿದ. "ವಹಿನಿ, ಹೇ ಮಂದಿರ ನಾಹೀ, ಯಾಟ್ ಆಹೇ!" ಇದು ಗುಡಿಯಲ್ಲ, ಯಾಟ್ ಅಂತ. ಅಕ್ಕ ಎರಡು ಶೇಂಗಾ ಹೋಳಿಗೆ ಕೊಟ್ಟಳು. ತಿಂದ. ಆಮೇಲೆ ಅವಳು ಹೇಳಿದ ದಿಕ್ಕಿಗೆ ಯಾಟ್ ಹೋಯಿತು.

ಮೊದಲ ವರ್ಷ ಬಂದವು ಡಾಲ್ಫಿನ್. ಎಲ್ಲರೂ ಕೂಗಿದರು, ಟೀಚರ್ ಚಪ್ಪಾಳೆ ತಟ್ಟಿದರು. ಅಕ್ಕ ಉಡಿಯ ಗಂಟು ಬಿಚ್ಚಲೇ ಇಲ್ಲ. "ಇವು ಕಾಲೇಜ್ ಹುಡುಗೂರು ಇದ್ದಂಗದಾವ. ಒಂದ್ ಕಡೆ ನಿಂದ್ರಂಗಿಲ್ಲ. ಸೆರಗು ಒಡ್ಡೂದ್ ಯಾವಾಗ, ತುಂಬೂದ್ ಯಾವಾಗ?"

ಬಂಡೆಗಳ ಹತ್ತಿರ ಎಲ್ಲರೂ ನಳಿಗೆ ಕಚ್ಚಿ ನೀರಿಗಿಳಿಯಬೇಕು. ಕಚ್ಚೆ ಹಾಕಿ ಸೀರೆ ಬಿಗಿದು, ಅದರ ಮೇಲೆ ಕಿತ್ತಳೆ ಬಣ್ಣದ ತೇಲುಜಾಕೀಟು. ಆದರೆ ತಾಳಿ? ಸಮುದ್ರ ಎಳಕೊಂಡರೆ? ಐದು ಜನ ಪಿನ್ನು ಹುಡುಕಿ ತಾಳಿಯನ್ನು ಕುಬಸಕ್ಕೆ ಸಿಕ್ಕಿಸಿಕೊಳ್ಳಲು ಕಾಲು ತಾಸು ತೆಗೆದುಕೊಂಡರು. ಅಕ್ಕನಿಗೆ ಸಿಕ್ಕಿಸುವುದು ಏನೂ ಇರಲಿಲ್ಲ. ಅವಳು ಅಷ್ಟರಲ್ಲಿ ನೀರಲ್ಲಿದ್ದಳು. ಎದ್ದು ಕೂಗಿದಳು: "ಲಗೂನ ಬರ್ರೆ! ಇಲ್ಲಿ ಮೀನಕ್ಕ ಇಳಕಲ್ ಸೀರಿ ಉಡಿಸ್ಯಾರ!"

ಎರಡನೆಯ ವರ್ಷ ಗಾಳಿ ಜೋರಿತ್ತು, ಯಾಟ್ ಬಿಡಲಿಲ್ಲ. ದಂಡೆಯಲ್ಲಿ ಕೂತು ರೊಟ್ಟಿ ತಿಂದು ಬಂದೆವು. ಏಳುವ ಮುಂಚೆ ಚಿಗವ್ವ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವಂತೆ, ಕಡುಬು, ಬದನೆಯ ಭರ್ತ ಕಲಸಿ ತೆರೆಗಳ ಮೇಲೆ ಚೆಲ್ಲಿದಳು. ದೋಣಿಯವ ಗಾಬರಿಯಾಗಿ ಓಡಿ ಬಂದ. ಅವನಿಗೂ ಒಂದು ಕಡುಬು ಸಿಕ್ಕಿತು.

ಮೂರನೆಯ ವರ್ಷ ಏನಾಯಿತೆಂದು ಹೇಳಲೇ? ಹೇಳದಿದ್ದರೆ ಇದನ್ನೆಲ್ಲ ಬರೆದದ್ದಾದರೂ ಏತಕ್ಕೆ!

ಬೆಳಗಿನಿಂದ ಹುಡುಕಿ ಏನೂ ಕಾಣದೆ ಬಂಡೆಗಳ ಹತ್ತಿರ ಬಂದಿದ್ದೆವು. ಆರೂ ಜನ ನೀರಿನಲ್ಲಿ ಬೋರಲು ಬಿದ್ದಿದ್ದರು, ಆರು ನಳಿಗೆ ಮೇಲಕ್ಕೆ. ದೋಣಿಯವ ಕೆಳಗೆ ಎಂಜಿನ್ನಿನಲ್ಲಿ ತಲೆ ಹಾಕಿದ್ದ. ಮೇಲೆ ನಾನೊಬ್ಬನೇ. ತೊಡೆಯ ಮೇಲೆ ಟೀಚರ್ ಅವರ ಚಾಳೀಸು, ಉಡಿಯ ಗಂಟು, ಕೈಯ ಕರವಸ್ತ್ರದಲ್ಲಿ ಚಿಗವ್ವನ ಹಲ್ಲಿನ ಸೆಟ್ಟು. ಹಲ್ಲು ಕಟ್ಟಿಸಿಕೊಂಡವರಿಗೆ ನಳಿಗೆ ಕಚ್ಚಲು ಬರುವುದಿಲ್ಲವಂತೆ.

ಆಗ ಅದು ಬಂತು.

ಇನ್ನೂರು ಹೆಜ್ಜೆ ದೂರದಲ್ಲಿ ನೀರು ಉಬ್ಬಿತು. ಮಳೆ ಬಿದ್ದ ಮೇಲಿನ ಎರೆಹೊಲದ ಹಾಗೆ ಕಪ್ಪು ಬೆನ್ನು, ಮುಗಿಯದಷ್ಟು ಉದ್ದ. ಒಂದು ಉಸಿರು ಬಿಟ್ಟಿತು. ಅಕ್ಕಾ ಎನ್ನಬೇಕು. ಬಾಯಿ ತೆರೆದೆ. ಬರಲಿಲ್ಲ. ಇನ್ನೊಂದು ಉಸಿರು. ಅಕ್ಕ ಅದರ ಕಡೆಗೆ ಬೆನ್ನು ಮಾಡಿ ಬೆರಳುದ್ದದ ಪಟ್ಟೆ ಮೀನು ನೋಡುತ್ತಿದ್ದಳು. ಮೂರನೆಯ ಉಸಿರಿಗೆ ಬೆನ್ನು ಬಾಗಿತು, ಒಳಗೆ ಹೋಯಿತು, ನೀರು ಸಮ ಆಯಿತು.

"ಯಕ್ಕಾ!" ಎಂದು ನಾನು ಕೂಗಿದ್ದು ಆಗ.

ಆರೂ ಮುಖ ಎದ್ದವು.

"ಏನೋ?"

"ಬಂದಿತ್ತು."

"ಏನ್ ಬಂದಿತ್ತು?"

"ಅದು."

ಮೇಲೆ ಹತ್ತಿ ಬಂದು ಚಿಗವ್ವ ಬೈದದ್ದನ್ನು ಹಾಗೇ ಬರೆಯಲಾರೆ. ಕೊನೆಯದನ್ನು ಮಾತ್ರ ಬರೆಯುತ್ತೇನೆ: "ನಿನ್ನ ಬಾಯಿಗೆ ಏನ್ ಧಾಡಿಯಾಗಿತ್ತೋ? ಹಲ್ಲ ಇಲ್ಲಾಂದ್ರ ನನ್ನವಾದ್ರೂ ಹಾಕ್ಕೋಬೇಕಿತ್ತು, ಕೈಯಾಗ ಇದ್ವಲ್ಲ!"

ಅಕ್ಕ ಬೈಯಲಿಲ್ಲ. ಒದ್ದೆ ಸೀರೆಯಲ್ಲಿ ನನ್ನ ಪಕ್ಕ ಕೂತು ಒಂದೊಂದೇ ಕೇಳಿದಳು. ಎಲ್ಲಿ? ಎಷ್ಟು ಹೊತ್ತು? ಉಸಿರು ಹೆಂಗಿತ್ತು? ಹೊಟ್ಟಿ ಕಂಡಿತೇನು?

"ಬೆನ್ನಷ್ಟ ಕಂಡೆ."

"ಅಲ್ಲೇ ಒಗೀವಾ ಉಡೀನ," ಎಂದಳು ಚಿಗವ್ವ. "ಅದಕ್ಕ ಮುಟ್ಟತೈತಿ."

"ಒಗಿಯಾಕ ಇದೇನ ಚರಗ ಅಲ್ಲ ಚಿಗವ್ವಾ," ಎಂದಳು ಅಕ್ಕ. "ಉಡಿ ತುಂಬೂದಂದ್ರ ಒಬ್ರು ಸೆರಗು ಒಡ್ಡಬೇಕು. ಬ್ಯಾಡ ಅಂತ ಹೋದವ್ರ ಬೆನ್ನಿಗೆ ಒಗಿಯೂದಲ್ಲ."

ಗಂಟು ಬಿಚ್ಚದೆಯೇ ಇಂಡಿಗೆ ಮರಳಿತು. ಘಾಟಿನಲ್ಲಿ ನನಗೆ ನಿಂಬೆಹಣ್ಣು ಕೊಡುತ್ತಾ ಮೆಲ್ಲಗೆ ಅಂದಳು: "ಕುಬಸದ ದಿನಾನೂ ನೀ ಹಿಂಗ ನಿಂತಿದ್ದಿ ನೋಡು. ಬಾಯಿ ತಗದು." ಅಷ್ಟೇ. ಮತ್ತೆ ಎಂದೂ ಆ ಮಾತೆತ್ತಲಿಲ್ಲ. ಮುಂದಿನ ತಿಂಗಳು ದೇವರ ಹಿಪ್ಪರಗಿಯ ಸಂತೆಯಲ್ಲಿ ನನಗೊಂದು ಪೀಪಿ ಕೊಂಡುಕೊಟ್ಟಳು. "ಮುಂದಿನ ಸಲಕ್ಕ. ಬಾಯಿ ಬರಲಿಲ್ಲಂದ್ರ ಊದು." ಪರೀಕ್ಷೆ ಮಾಡಲು ಅಲ್ಲೇ ಊದಿಸಿದಳು. ಸಂತೆಯ ಎಮ್ಮೆಗಳೆಲ್ಲ ನನ್ನ ಕಡೆ ತಿರುಗಿದವು.

ಮುಂದಿನ ಸಲ ಬರಲಿಲ್ಲ. ಎರಡು ತಿಂಗಳ ಬೇನೆ. ಹಾಸಿಗೆಯಲ್ಲಿ ಮಲಗಿಯೂ ಆರು ಮಂದಿಯ ಹೆಸರು ಬರೆಸುತ್ತಿದ್ದಳು, ಹೊಡೆದುಹಾಕಿಸುತ್ತಿದ್ದಳು. ಎಳ್ಳ ಅಮಾವಾಸ್ಯೆಗೆ ಇನ್ನೂ ಹದಿನೈದು ದಿನ ಇರುವಾಗ, ಒಂದು ಮಧ್ಯಾಹ್ನ, ಹೋಗಿಬಿಟ್ಟಳು.

ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ವಿಭೂತಿ ಹಚ್ಚಿದ್ದರು, ಬಿಳಿ ಸೀರೆ ಉಡಿಸಿದ್ದರು. ಮುತ್ತೈದೆಯಾಗಿ ಸತ್ತವಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿ ಕಳಿಸುತ್ತಾರೆ. ಅಕ್ಕನಿಗೆ ಅದಿಲ್ಲ. ಯಾರೂ ಬೇಡ ಎನ್ನಲಿಲ್ಲ, ಸುಮ್ಮನೆ ಯಾರೂ ತರಲಿಲ್ಲ. ಅವಳ ಸೆರಗು ಮಡಿಲ ಮೇಲೆ ಹಾಗೇ ಹರಡಿತ್ತು, ಖಾಲಿ.

"ಉಡಿ ತುಂಬ್ರಿ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು. ಯಾರೂ ಏಳಲಿಲ್ಲ.

ನಾನು ಒಳಗೆ ಹೋಗಿ ಅಕ್ಕಿ ತಂದೆ. ನನ್ನ ಹೆಂಡತಿ ಏನೂ ಕೇಳದೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಖಣ ತಂದು ಪಕ್ಕ ಇಟ್ಟಳು. ಅಕ್ಕನ ಮುಂದೆ ಮೊಣಕಾಲೂರಿ ಕೂತೆ.

"ಗಂಡಸ್ರು ತುಂಬೂದಲ್ಲೋ ತಮ್ಮಾ ಅದು," ಎಂದಳು ಚಿಗವ್ವ, ಅಳುತ್ತಾ.

ಒಂದು ಹಿಡಿ ತೆಗೆದು ಹಾಕಿದೆ. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಎಷ್ಟು ಸಲ ಹಾಕಬೇಕು, ಮೊದಲು ಯಾವುದು, ಆಮೇಲೆ ಯಾವುದು, ನನಗೇನು ಗೊತ್ತು?

ಮೂಲೆಯಲ್ಲಿ ಕೂತಿದ್ದ ಅವ್ವ ತೆವಳುತ್ತಾ ಬಂದಳು. ತಡೆಯುತ್ತಾಳೆ ಅಂದುಕೊಂಡೆ. ಅವಳು ಅಕ್ಕನ ಸೆರಗಿನ ಎರಡೂ ಅಂಚು ಹಿಡಿದು ಎತ್ತಿ, ಒಡ್ಡಿದಳು.

"ಒಂದ ಕೈಲೆ ಅಲ್ಲೋ," ಎಂದಳು. "ಎರಡೂ ಕೈ ಕೂಡಿಸು."

ಕೂಡಿಸಿದೆ.