ಮೂರನೆಯ ಸಲ ಕೇಳದೆ ಹೋದ ಕೆಲಸದ ಬಗ್ಗೆ

ನಿರುದ್ಯೋಗ ಭತ್ಯೆಯ ಮೇಲ್ಮನವಿಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ವಿಲೇವಾರಿ ಮಾಡುವ ತೀರ್ಪುಗಾರರ ಸನ್ನಿಧಿಗೆ, ಹಾಲ್ವರ್ ಲೇಕ್ ಊರಿನ ಆರ್ಡಿಸ್ ಟೋಲೆಫ್ಸನ್ ಎಂಬ ಕೆಲಸವಿಲ್ಲದ ಹೆಂಗಸಿನ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿ ಬೆಚ್ಚಗಿದೆಯೆಂಬುದು ಫೋನಿನಲ್ಲಿ ನಡೆದ ವಿಚಾರಣೆಯಲ್ಲಿ ತಮ್ಮ ದನಿ ಕೇಳಿದಾಗಲೇ ತಿಳಿಯಿತು. ಇಲ್ಲಿ ಕೆರೆ ಹೆಪ್ಪುಗಟ್ಟಿ ಕಲ್ಲಾಗಿದೆ, ಅದರ ಮೇಲೆ ಗಾಡಿಗಳು ಓಡಾಡುತ್ತಿವೆ, ನಾನು ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡೇ ಕೂತು ಇದನ್ನು ಬರೆಯುತ್ತಿದ್ದೇನೆ. ಸೂಕ್ತ ಕೆಲಸವನ್ನು ಸ್ವಇಚ್ಛೆಯಿಂದ ನಿರಾಕರಿಸಿದ ಕಾರಣ ನಾನು ಭತ್ಯೆಗೆ ಅರ್ಹಳಲ್ಲ ಎಂಬ ತಮ್ಮ ಆದೇಶ ತಲುಪಿತು. ಬಹಳ ಚೆನ್ನಾಗಿ ಬರೆದಿದ್ದೀರಿ. ನಡೆದ ಸಂಗತಿಯೊಂದನ್ನು ಬಿಟ್ಟರೆ ಅದರಲ್ಲಿ ಯಾವ ತಪ್ಪೂ ಇಲ್ಲ.

ಆಲೂಗಡ್ಡೆಯ ತೆಳು ರೊಟ್ಟಿ, ಅಂದರೆ ನಮ್ಮ ಲೆಫ್ಸ, ಮಾಡುವ ಕಾರ್ಖಾನೆಯಲ್ಲಿ ತಲೆ ನರೆಯುವವರೆಗೆ ಲಟ್ಟಿಸಿದವಳು ನಾನು. ಈ ವರ್ಷ ಲಟ್ಟಿಸುವ ಯಂತ್ರ ಬಂತು, ಅದರ ಬೆನ್ನಿಗೇ ಟೆಕ್ಸಾಸಿನಿಂದ ಡಸ್ಟಿನ್ ಪ್ರೂಯಿಟ್ ಎಂಬ ಹೊಸ ಮ್ಯಾನೇಜರ್ ಬಂದ. ಒಂದು ದಿನ ಅವನು ನನ್ನ ಬಳಿ ಬಂದು, "ಮೇಡಂ, ನಿಮ್ಮನ್ನ ಮೀನಿನ ಶೆಡ್ಡಿಗೆ ಹಾಕೋಣ ಅಂತಿದೀನಿ, ಹೋಗ್ತೀರಾ?" ಎಂದ. ಅದು ಒಣಮೀನನ್ನು ಕ್ಷಾರದ ನೀರಿನಲ್ಲಿ ಲೋಳೆಯಾಗುವ ತನಕ ನೆನೆಹಾಕುವ ಜಾಗ. ಅಲ್ಲಿ ದುಡಿಯುವವರು ಚರ್ಚಿಗೆ ಬಂದರೆ ಅವರ ಬೆಂಚು ತಾನಾಗಿಯೇ ಖಾಲಿಯಾಗುತ್ತದೆ. ಆದರೂ ಕೆಲಸ ಕೆಲಸವೇ, ನನಗೆ ಒಪ್ಪಿಗೆಯಿತ್ತು. ಆದ್ದರಿಂದ ಮರ್ಯಾದಸ್ಥಳಾಗಿ, "ಅಯ್ಯೋ ಬೇಡಪ್ಪ, ನನಗ್ಯಾಕೆ, ಬೇರೆ ಯಾರಿಗಾದ್ರೂ ಕೊಡಿ" ಎಂದೆ. "ನಿಜವಾಗ್ಲೂ ಬೇಡ್ವಾ?" ಎಂದ. ಎರಡನೆಯ ಸಲ ಕೇಳಿದನಲ್ಲ, ಹುಡುಗ ಸಂಸ್ಕಾರವಂತ ಎಂದು ಖುಷಿಪಟ್ಟು, "ನನ್ನಿಂದ ನಿಮಗ್ಯಾಕೆ ತೊಂದ್ರೆ, ಬಿಡಿ" ಎಂದೆ. ಮೂರನೆಯ ಸಲ ಕೇಳುವುದರೊಳಗೆ ಶೆಡ್ಡಿಗೆ ಹೊರಡಲು ತಯಾರಿರೋಣವೆಂದು ಏಪ್ರನ್ನನ್ನೂ ಬಿಚ್ಚಿ ಮಡಿಸಿದೆ. ಅವನು "ಸರಿ ಹಾಗಾದ್ರೆ" ಎಂದು ಹೊರಟೇ ಹೋದ. ಸಂಜೆಯ ಹೊತ್ತಿಗೆ ನನಗೆ ಯಾವ ಕೆಲಸವೂ ಇರಲಿಲ್ಲ.

ಮಾನ್ಯರೇ, ಕೊಟ್ಟದ್ದನ್ನು ಮೊದಲ ಸಲಕ್ಕೇ ತೆಗೆದುಕೊಳ್ಳುವವರನ್ನು ನಮ್ಮ ಊರಿನಲ್ಲಿ ಬರಗೆಟ್ಟವರು ಎನ್ನುತ್ತಾರೆ. ಕಾಫಿಯಾಗಲಿ, ಕುರ್ಚಿಯಾಗಲಿ, ಕೆಸರಿನಲ್ಲಿ ಹೂತ ಕಾರನ್ನು ಎಳೆಯುವ ಸಹಾಯವಾಗಲಿ, ಎರಡು ಸಲ ಬೇಡ ಎಂದು ಮೂರನೆಯ ಸಲ "ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ" ಎನ್ನಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಕೇಕಿನ ಕೊನೆಯ ತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಅರ್ಧ, ಅರ್ಧದಲ್ಲಿ ಅರ್ಧ ಎಂದು ಕತ್ತರಿಸುತ್ತ, ಕೊನೆಗೆ ಉಳಿದ ಪುಡಿಯನ್ನು ಪಾದ್ರಿಗಳ ನಾಯಿಗೆ ಹಾಕುತ್ತೇವೆ. ನೆರೆಮನೆಯ ವರ್ನಾ ಮಾತ್ರ, "ನೀನೇ ಹೋಗಿ ಬಾಯಿಬಿಟ್ಟು ಕೇಳ್ಬಾರ್ದಾ, ಮಾರಾಯ್ತಿ?" ಎಂದು ಬೈದಳು. ಅದೇ ವರ್ನಾ ತನ್ನ ಸ್ವಂತ ಮಗಳ ಮದುವೆಯಲ್ಲಿ ಯಾರೂ ಮೂರನೆಯ ಸಲ ಕರೆಯಲಿಲ್ಲವೆಂದು ಊಟವಿಲ್ಲದೆ ಮನೆಗೆ ಬಂದವಳು.

ಇನ್ನು ತಮ್ಮ ವಿಚಾರಣೆಯ ಸೊಬಗನ್ನು ಎಷ್ಟು ಹೊಗಳಿದರೂ ಸಾಲದು. "ನೀವು ಬೇಡ ಅಂದ್ರಾ, ಇಲ್ವಾ? ಅಷ್ಟು ಹೇಳಿ" ಎಂದು ತಾವು ಕೇಳಿದಿರಿ. "ಅಂದೆ, ಆದ್ರೆ ಬೇಡ ಅನ್ನೋ ಅರ್ಥದಲ್ಲಿ ಅಲ್ಲ" ಎಂದೆ. ತಾವು "ಕೊನೆಯದಾಗಿ ಏನಾದ್ರೂ ಹೇಳೋದಿದೆಯಾ?" ಎಂದಿರಿ. ನನ್ನ ಪಕ್ಕದಲ್ಲೇ ವರ್ನಾ, ಈ ಊರಿನ ಬೇಡ ಎಂದರೇನೆಂದು ಸಾಕ್ಷಿ ನುಡಿಯಲು ಗಂಟಲು ಸರಿಮಾಡಿಕೊಂಡು ನಿಂತಿದ್ದಳು. "ಇಲ್ಲ ಇಲ್ಲ, ನಿಮ್ಮ ಹೊತ್ತು ಯಾಕೆ ಹಾಳು ಮಾಡ್ಲಿ" ಎಂದುಬಿಟ್ಟೆ. ತಾವು ಥ್ಯಾಂಕ್ಸ್ ಹೇಳಿ ಫೋನಿಟ್ಟಿರಿ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ನೋಡಿಕೊಳ್ಳುವ ಕಲೆಯಲ್ಲಿ ಡಸ್ಟಿನ್ ತಮಗಿಂತ ಒಂದು ಕೈ ಕಡಿಮೆಯೇ. ಅವನು ಎರಡು ಸಲವಾದರೂ ಕೇಳಿದ್ದ.

ಆದ್ದರಿಂದ ನನ್ನ ಬಿನ್ನಹವೇನೆಂದರೆ, ತಮ್ಮ ಕಾನೂನಿನಲ್ಲಿ ನಿರಾಕರಣೆ ಎಂಬ ಪದ ಬಂದಲ್ಲೆಲ್ಲ "ಮೂರನೆಯ ಸಲದ" ಎಂದು ಸೇರಿಸಬೇಕು. ಹೊರಗಿನಿಂದ ಬರುವ ಮ್ಯಾನೇಜರುಗಳನ್ನು ಒಂದು ಚಳಿಗಾಲ ನಮ್ಮ ಚರ್ಚಿನಲ್ಲಿ ಕಾಫಿ ಬಡಿಸಲು ನೇಮಿಸಬೇಕು. ತಾವೂ ಒಮ್ಮೆ ನಮ್ಮನೆಗೆ ಊಟಕ್ಕೆ ಬಂದು, ಬಡಿಸಲೇ ಎಂದು ಒಂದೇ ಸಲ ಕೇಳಿಸಿಕೊಂಡು, ಹಸಿದು ಹಿಂದಿರುಗಬೇಕು. ಇಷ್ಟಾದರೂ ಆಗುವ ತನಕ ನನ್ನ ಮನೆ ಕಾಯಿಸುವ ಗ್ಯಾಸ್ ಟ್ಯಾಂಕು ಖಾಲಿಯಾಗದಂತೆ ಆದೇಶ ಹೊರಡಿಸಬೇಕು. ಅದು ಬರಿದಾದರೆ ಇಲ್ಲಿ ಗೋಡೆಯೊಳಗಿನ ಪೈಪುಗಳಲ್ಲಿ ನೀರು ಹೆಪ್ಪುಗಟ್ಟಿ ಅವು ಒಡೆಯುತ್ತವೆ, ಆಮೇಲೆ ಆ ಮನೆಯಲ್ಲಿ ಯಾರೂ ಇರಲಾಗುವುದಿಲ್ಲ. ನನಗೆ ಇರುವುದು ಅದೊಂದೇ ಮನೆ.

ನನಗೆ ತುಸು ಬೇಸರವಾಗಿದೆ. ನಮ್ಮ ಕಡೆ ಜನ ಕೊಡಲಿ ಹುಡುಕುವ ಮೊದಲು ಹೀಗೆ ಹೇಳುತ್ತಾರೆ.

ಎಷ್ಟನೆಯ ಸಲ ತಿರಸ್ಕರಿಸಿದರೂ ತಮ್ಮ ವಿಶ್ವಾಸಿ,
ಆರ್ಡಿಸ್ ಟೋಲೆಫ್ಸನ್

ತಾಜಾಕಲಂ: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಡಸ್ಟಿನ್ ಫೋನ್ ಮಾಡಿದ. ಶೆಡ್ಡಿಗೆ ಯಾರೂ ಸಿಗುತ್ತಿಲ್ಲವಂತೆ, ಬರ್ತೀರಾ ಎಂದು ಮೂರನೆಯ ಸಲ ಕೇಳಿದ. ಬೇಡ ಎಂದರೆ ಬೇಡವೇ ಎಂದು ತಮ್ಮ ಆದೇಶದಿಂದ ಪಾಠ ಕಲಿತಿದ್ದ ನಾನು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಮನಸಾರೆ, ಸಿಟ್ಟಿನಿಂದ, "ಬೇಡ" ಎಂದೆ. ಅವನು ನಕ್ಕು, "ನಿಮ್ಮೂರಿನ ಬೇಡ ಅಂದ್ರೇನು ಅಂತ ವರ್ನಾ ಹೇಳಿದ್ರು ಬಿಡಿ ಮೇಡಂ, ಸೋಮವಾರ ಬೇಗ ಬನ್ನಿ" ಎಂದು ಫೋನಿಟ್ಟುಬಿಟ್ಟ. ಹೋಗುತ್ತೇನೆ, ಟ್ಯಾಂಕಿನ ಮುಳ್ಳು ತಳ ಮುಟ್ಟಿದೆ. ಆದರೆ ತಮ್ಮ ದಾಖಲೆಯಲ್ಲಿ ದಯವಿಟ್ಟು ಬರೆದುಕೊಳ್ಳಿ: ನಾನು ಕೆಲಸ ನಿರಾಕರಿಸಿದ್ದು ಇದೊಂದೇ ಸಲ.