ಕರಬೂಜದ ಜಾತಿ ಕೇಳಿ ಕೆಟ್ಟದ್ದು

ಡೊಂಬಿವಲಿ ಪೂರ್ವದ ಪ್ರೇಮನಾಥರು ನಿವೃತ್ತರಾದ ವರ್ಷ ಎರಡು ಘನಘೋರ ಪ್ರತಿಜ್ಞೆಗಳನ್ನು ಮಾಡಿದರು. ಮೊದಲನೆಯದು, ತಮ್ಮ ನೆಲಮಹಡಿಯ ಫ್ಲ್ಯಾಟಿನ ಹಿಂದೆ ಎರಡು ಚಾಪೆ ಹಾಸುವಷ್ಟು ಮಣ್ಣಿದೆಯಲ್ಲ, ಅಲ್ಲಿ ಬೇಸಿಗೆಗೆ ಕರಬೂಜ ಬೆಳೆದು ಇಡೀ ಸೊಸೈಟಿಗೆ ಹಂಚುವುದು. ಎರಡನೆಯದು, ಮಗಳು ಮಾನಸಿ ಮೆಚ್ಚಿದ ಹುಡುಗನ ಮನೆಯವರ ಮುಂದೆ ಜಾತಿಯ ಮಾತೇ ಎತ್ತದಿರುವುದು.

"ನಾನು ಉಡುಪಿ ಬಿಟ್ಟು ಬಂದು ನಲವತ್ತು ವರ್ಷ ಆಯ್ತು. ಈ ಮನೆಯಲ್ಲಿ ಆ ಶಬ್ದ ಯಾರ ಬಾಯಿಂದಲೂ ಬರಬಾರ್ದು!" ಎಂದು ಅವರು ಸೋಫಾದ ಮೇಲೆ ಕೂತು ಸಿಂಹಾಸನದಿಂದ ಹೊರಡಿಸಿದಂತೆ ಆಜ್ಞೆ ಹೊರಡಿಸಿದರು. ಹೆಂಡತಿ ಸ್ವರ್ಣಲತಾ ಬೆಳ್ಳುಳ್ಳಿ ಸುಲಿಯುತ್ತಾ ಗಂಡನ ಬಾಯಿಯನ್ನೇ ನೋಡಿದರು. ಆ ಬಾಯಿಯ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ.

ಒಂದೊಂದು ಪ್ರತಿಜ್ಞೆಯನ್ನೂ ಬೇರೆ ಬೇರೆಯಾಗಿ ಸಾಕಿಕೊಂಡಿದ್ದರೆ ಎರಡೂ ಬದುಕುತ್ತಿದ್ದವೇನೋ. ಒಂದೇ ಹಟ್ಟಿಯಲ್ಲಿ ಎರಡು ಹೋರಿ ಕಟ್ಟಿದರೆ ಏನಾಗುತ್ತದೆ, ಹೇಳಿ?

ಕರಬೂಜ ಬೆಳೆಯುವುದೇನೋ ಸರಿ, ಯಾವ ಜಾತಿಯದ್ದು? ಅಲ್ಲಿ ಶುರುವಾಯಿತು ತೊಂದರೆ. ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಹಾಕಿದರೆ ಬಳ್ಳಿ ಸೆಕ್ರೆಟರಿಯ ಸ್ಕೂಟರ್ ತನಕ ಹರಿಯುತ್ತದೆ. ಊರಿನ ಚಿಬ್ಬಡ ಹಾಕೋಣವೆಂದರೆ ಸ್ವರ್ಣಲತಾ ನಕ್ಕುಬಿಟ್ಟರು.

"ಬೇಡ ಮಾರಾಯ್ರೆ. ಅದು ಹಣ್ಣಾದ ಕೂಡ್ಲೇ ಬಿರಿದು ಬಾಯಿ ಬಿಡ್ತದೆ. ಮನೆಯಲ್ಲಿ ಅಂಥದ್ದು ಒಂದು ಸಾಕು!"

ಬೀಜದಂಗಡಿಯಲ್ಲಿ ಕೇಳಿದರೆ ಹಳದಿ ಸಿಪ್ಪೆಯದ್ದು, ಬಲೆಬಲೆ ಸಿಪ್ಪೆಯದ್ದು, ಪಟ್ಟೆಯದ್ದು ಎಂದು ಒಂದು ಜಾತ್ರೆಯನ್ನೇ ತೋರಿಸಿದರು. ಅದರ ಮೇಲೆ, ಕಲ್ಯಾಣದಲ್ಲಿ ಹೋಟೆಲ್ ಇಟ್ಟಿರುವ ಗೆಳೆಯ ಮಧ್ವೇಶ ಹೊಸದೊಂದು ಭಯ ಬಿತ್ತಿದ: ಕರಬೂಜ, ಚಿಬ್ಬಡ, ಸಾಂಬಾರಿಗೆ ಹಾಕುವ ಸೌತೆ, ಎಲ್ಲ ಒಂದೇ ಕುಲದವು. ಹತ್ತಿರ ಹತ್ತಿರ ನೆಟ್ಟರೆ ದುಂಬಿ ಬಂದು ಬೆರಸಿಬಿಡುತ್ತದೆ, ಆ ಬೀಜ ಹಾಕಿದರೆ ಏನು ಹುಟ್ಟುತ್ತದೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ!

ಅಂದಿನಿಂದ ಪ್ರೇಮನಾಥರು ಹಿತ್ತಲಲ್ಲಿ ಫೋನು ಹಿಡಿದು ಅಡ್ಡಾಡುತ್ತಾ ಕೂಗುವುದೇ ಕೂಗುವುದು. "ಯಾವ ಜಾತಿ ಮಾರಾಯ? ಜಾತಿ ಸರಿ ಇರ್ಬೇಕು! ಒಂದು ಜಾತಿಯ ಹತ್ರ ಇನ್ನೊಂದು ಜಾತಿ ಬರ್ಲಿಕ್ಕೇ ಬಿಡ್ಬಾರ್ದು!"

"ತಳಿ ಅಂತ ಹೇಳ್ಬಾರ್ದಾ ನೀವು?" ಎಂದರು ಸ್ವರ್ಣಲತಾ.

"ತಳಿ ಅಂದ್ರೆ ಸರ್ಕಾರಿ ಕನ್ನಡ. ಜಾತಿ ಅಂದ್ರೇ ಹಣ್ಣಿಗೆ ರುಚಿ!"

ಹೋಳಿ ಕಳೆದ ಭಾನುವಾರ ಹುಡುಗನ ಮನೆಯವರು ಟಿಟ್ವಾಳಾದಿಂದ ಬಂದರು. ಹುಡುಗ ಅನಿಲಕುಮಾರ, ಠಾಣೆ ನಗರದಲ್ಲಿ ಮಾನಸಿಯ ಆಫೀಸಿನವನೇ. ತಂದೆ ಅಂಬಾರಾಯ, ಕಲಬುರಗಿ ಕಡೆಯವರು, ಭಿವಂಡಿಯ ಗೋದಾಮಿನಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ತಾಯಿ ದಾನಮ್ಮ, ಮಾತು ಕಡಿಮೆ, ಕಣ್ಣು ಚುರುಕು.

ಅರ್ಧ ಗಂಟೆ ಪ್ರೇಮನಾಥರು ಚಿನ್ನದಂಥ ಮನುಷ್ಯ. ಲೋಕಲ್ ಗಾಡಿಯ ನೂಕುನುಗ್ಗಲು, ಕಲಬುರಗಿಯ ಬಿಸಿಲು, ಎಲ್ಲ ಮಾತಾಡಿದರು. ಮಾನಸಿ ಸಮಾಧಾನದಿಂದ ಅನಿಲನ ಕಡೆ ನೋಡಿ ಸಣ್ಣಗೆ ನಕ್ಕಳು. ಆಗ ದಾನಮ್ಮ ಕೈಚೀಲದಿಂದ ಒಂದು ಹಣ್ಣು ತೆಗೆದು ಟೀಪಾಯಿಯ ಮೇಲೆ ಇಟ್ಟರು. "ನಮ್ಮ ಅಣ್ಣನ ಹೊಲದಾಗಿಂದ್ರಿ."

ಕರಬೂಜ! ಚಿನ್ನದ ಬಣ್ಣ, ಹಸಿರು ಗೆರೆ, ಚೀಲದಿಂದ ಹೊರಬಂದದ್ದೇ ಕೋಣೆ ತುಂಬಿದ ಪರಿಮಳ! ಪ್ರೇಮನಾಥರಿಗೆ ಬೀಗರು ಕಾಣದಾದರು, ಗೋಡೆ ಕಾಣದಾಯಿತು. ಅತ್ತ ಅಂಬಾರಾಯರು ಮಗನ ವಿಷಯ ಹೇಳುತ್ತಿದ್ದರು. "ನಮ್ಮ ಹುಡುಗ ಭಾಳ ಸೂಕ್ಷ್ಮ ಅದಾನ್ರಿ. ಯಾರ ಮನಸೂ ನೋಯಿಸಿದಾವಲ್ಲ."

"ಜಾತಿ ಯಾವುದು?" ಎಂದರು ಪ್ರೇಮನಾಥರು.

ಸ್ವರ್ಣಲತಾರ ಕೈಯಲ್ಲಿದ್ದ ಚಹಾದ ತಟ್ಟೆ ಅಡಿಗೆಮನೆಯ ಬಾಗಿಲಲ್ಲೇ ನಿಂತಿತು.

"ಏನಂದ್ರಿ?" ಎಂದರು ಅಂಬಾರಾಯರು.

ಗೋದಾಮಿನ ಗದ್ದಲದಲ್ಲಿ ಪಾಪ ಕಿವಿ ಮಂದವಾಗಿರಬೇಕು ಎಂದುಕೊಂಡು ಪ್ರೇಮನಾಥರು ದನಿ ಏರಿಸಿದರು. "ಜಾತಿ, ಜಾತಿ! ಜವಾರಿಯಾ, ಬೆರಕೆಯಾ? ಮೇಲ್ನೋಟಕ್ಕೆ ಚಂದ ಉಂಟು, ಒಳಗೆ ಹೇಗೋ ಯಾರಿಗೆ ಗೊತ್ತು! ನಮ್ಮದರ ಜೊತೆ ಸೇರಿಸಿದ್ರೆ ಮುಂದಿನ ಸಂತಾನ ಕೆಡ್ತದೆ ನೋಡಿ, ಅದಕ್ಕೇ ಮೊದ್ಲೇ ಕೇಳಿದ್ದು!"

"ಪಪ್ಪಾ!" ಮಾನಸಿ ಚೀರಿದಳು. ಅನಿಲ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು.

ಆಗ ಪ್ರೇಮನಾಥರಿಗೆ ಕೋಣೆ ಕಾಣಿಸಿತು, ಬೀಗರು ಕಾಣಿಸಿದರು, ತಾವು ಆಡಿದ್ದೂ ಕಿವಿಗೆ ಬಿತ್ತು. "ಅಯ್ಯಯ್ಯೋ! ಹಣ್ಣಿಂದು! ನಾನು ಕೇಳಿದ್ದು ಹಣ್ಣಿಂದು ಮಾರಾಯ್ರೆ!" ಹಣ್ಣನ್ನು ಎತ್ತಿ ಎದೆಗೆ ಅವಚಿಕೊಂಡು ಸಾಕ್ಷಿ ನುಡಿಯುವವರಂತೆ ನಿಂತರು.

ದಾನಮ್ಮ ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು. "ಇರಲಿ ಬಿಡ್ರಿ ಅಣ್ಣಾವ್ರ. ಒಬ್ಬರು ಮನಿದೇವ್ರು ಯಾವ್ದು ಅಂತ ಕೇಳ್ತಾರ. ಒಬ್ಬರು ಅಡ್ಡಹೆಸರು ಕೇಳ್ತಾರ. ಬಾಡಗಿ ಮನಿ ಕೊಡಾವ್ರು, ಏನ್ ಉಣ್ತೀರಿ ಅಂತ ಕೇಳ್ತಾರ. ಎಲ್ಲಾ ಕೇಳಿ ಕೇಳಿ ರೂಢಿ ಆಗ್ಯಾದ. ಹಣ್ಣು ಮುಂದ ಮಾಡಿ ಕೇಳಿದಾವ್ರು ನೀವೇ ಮೊದಲು!"

ಗಾಡಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಮೂವರ ಚಹಾ ತಟ್ಟೆಯಲ್ಲೇ ಆರಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಸುಮ್ಮನೆ ಹೇಳಿದರೇ?

"ಇದೆಂಥ ಅನ್ಯಾಯ ಲತಾ! ದೇವರಾಣೆ ಹಣ್ಣಿಂದೇ ಕೇಳಿದ್ದು!" ಎಂದು ಪ್ರೇಮನಾಥರು ಹಲುಬಿದರು.

ಮಾನಸಿ ಅಳಲಿಲ್ಲ. ಅಪ್ಪನ ಎದುರು ಬಂದು ಕೂತಳು. "ಹಣ್ಣಿಂದೇ ಕೇಳಿದ್ದು, ನಾನು ನಂಬ್ತೇನೆ ಪಪ್ಪಾ. ಪರ್ ಏಕ್ ಬಾತ್ ಬತಾವೋ, ಒಂದು ಮಾತು ಹೇಳಿ. ಅನಿಲಂದು ನಿಮ್ಗೆ ಗೊತ್ತಿರಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರೇಮನಾಥರ ಕೈ ಎಲ್ಲಿಗೆ ಹೋಗಬೇಕೋ ತಿಳಿಯದೆ ಕನ್ನಡಕಕ್ಕೆ ಹೋಯಿತು. ಗೊತ್ತಿತ್ತು. ಮಗಳು ಹುಡುಗನ ಹೆಸರು ಹೇಳಿದ ಸಂಜೆಯೇ ಅವರು ಟೆರೇಸು ಹತ್ತಿ ಮಧ್ವೇಶನಿಗೆ ಫೋನು ಮಾಡಿದ್ದರು, ಮಧ್ವೇಶ ಭಿವಂಡಿಗೆ ಮಾಡಿದ್ದ. ಊಟಕ್ಕೆ ಕೂರುವಷ್ಟರಲ್ಲಿ ಉತ್ತರ ಬಂದಿತ್ತು. ಒಳಗೆ ಸ್ವಲ್ಪ ಚುಚ್ಚಿದ್ದೂ ಹೌದು, ಮಗಳ ಮುಖ ನೋಡಿ ನುಂಗಿಕೊಂಡದ್ದೂ ಹೌದು. ಜಾತಿ ಕೇಳುವುದಿಲ್ಲ ಎಂಬ ಆ ಘನಘೋರ ಪ್ರತಿಜ್ಞೆ ಹುಟ್ಟಿದ್ದು, ಕೇಳಿ ಆದಮೇಲೆ!

"ಗೊತ್ತಿತ್ತಲ್ವಾ? ದಾನಮ್ಮ ಆಂಟಿಗೆ ಅದನ್ನೇ ಹೇಳಿ ಪಪ್ಪಾ. ಹಣ್ಣಿನ ಕಥೆ ನಕೋ, ಬೇಡ," ಎಂದು ಮಾನಸಿ ಕೋಣೆಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದಳು. ಬಡಿದಿದ್ದರೆ ವಾಸಿಯಿತ್ತು.

ಒಂದು ವಾರ ಪ್ರೇಮನಾಥರು ಹಿತ್ತಲಿಗೆ ಕಾಲಿಡಲಿಲ್ಲ. ಮುಂದಿನ ಭಾನುವಾರ ಒಬ್ಬರೇ ಟಿಟ್ವಾಳಾ ಗಾಡಿ ಹತ್ತಿದರು. ಶಹಾಡ್ ಸ್ಟೇಷನ್ ದಾಟುವಷ್ಟರಲ್ಲಿ ಕ್ಷಮೆಯ ಭಾಷಣ ಕಂಠಪಾಠವಾಗಿತ್ತು. ದಾನಮ್ಮ ಬಾಗಿಲು ತೆಗೆದದ್ದೇ ಅದು ಹಾರಿಹೋಯಿತು.

"ಅಕ್ಕಾ, ಅವತ್ತು ಹಣ್ಣಿಂದೇ ಕೇಳಿದ್ದು. ನಿಮ್ಮದು ಕೇಳುವ ಕೆಲಸವೇ ನನಗಿರಲಿಲ್ಲ. ಮೊದ್ಲೇ ಹಿಂದಿನಿಂದ ವಿಚಾರಿಸಿ ಆಗಿತ್ತು. ಅದು ದೊಡ್ಡ ತಪ್ಪು."

ದಾನಮ್ಮ ಒಳಗೆ ತಿರುಗಿ, "ಕೇಳಿದ್ರೇನು? ಅಣ್ಣಾವ್ರು ತಾವಾಗಿ ಒಪ್ಪಿಕೊಂಡ್ರು. ಇನ್ನ ನೀವೂ ಹೇಳ್ರಿ," ಎಂದರು.

ಅಂಬಾರಾಯರು ತಲೆ ಕೆರೆದುಕೊಳ್ಳುತ್ತಾ ಬಂದರು. "ನಾವೂ ವಿಚಾರಿಸಿದ್ದೆವ್ರಿ. ಅಲ್ಲಿಗೆ ಬರೋಕಿಂತ ಮೊದಲ, ನಿಮ್ಮ ಸೊಸೈಟಿ ವಾಚ್‌ಮನ್‌ಗ."

"ಅವನೆಂತ ಹೇಳಿದ?"

"ಅಂವಾ ಹಿಂದಿಯಾಂವ, ಕನ್ನಡ ಬರಂಗಿಲ್ಲ. ಮಂದಿ ಒಳ್ಳೇವ್ರು ಅಂದ. ಆದ್ರ ಆ ಮುದುಕಗ ಒಂದೇ ಹುಚ್ಚು, ಮುಂಜಾನಿಂದ ಸಂಜಿತನಕ ಹಿತ್ತಲದಾಗ ನಿಂತು ಫೋನಿನಾಗ ಜಾತಿ ಜಾತಿ ಅಂತ ಒದರ್ತಾನ ಅಂದ!"

ಪ್ರೇಮನಾಥರು ಗೋಡೆ ಹಿಡಿದುಕೊಂಡರು. "ಅದನ್ನು ಕೇಳಿಯೂ ನಮ್ಮ ಮನೆಗೆ ಬಂದಿದ್ರಾ?"

"ಹುಡುಗಿ ಚೊಲೋ ಅದಾಳ ಅಂತ ಬಂದಿದ್ದೆವ್ರಿ, ಒಮ್ಮೆ," ಎಂದರು ದಾನಮ್ಮ. "ಇನ್ನೊಮ್ಮೆ ಬರೋದು ನಿಮ್ಮ ಬಾಯಿ ಮ್ಯಾಲ ಅದ."

ಪ್ರೇಮನಾಥರು 'ಹೂಂ' ಎನ್ನಲಿಕ್ಕೂ ಬಾಯಿ ತೆರೆಯಲಿಲ್ಲ!