ಮೂರು ಕಿಲೋ, ಒಂದು ಹೋಳಿಗೆ

ಊಟಕ್ಕೆ ಕೂತವನು ಬೇಡ ಎಂದರೆ ಬಡಿಸಬಾರದು. ಇಷ್ಟೇ ನಿಯಮ. ಪಾಲಿಸಲು ಡಿಗ್ರಿ ಬೇಕಿಲ್ಲ. ಆದರೂ ನಾರಾಯಣಪೇಟೆಯಿಂದ ಗದ್ವಾಲದವರೆಗೆ ಇದನ್ನು ಮುರಿಯದವರು ಸಿಗುವುದು ಕಷ್ಟ. ತೂಕ ಇಳಿಸಲು ಹೊರಟ ಮೇಲೆ ನನಗೆ ಇದು ದಿನವೂ ಖಾತ್ರಿಯಾಗುತ್ತಿದೆ.

ಡಾಕ್ಟರ್ ವಾರಕ್ಕೆ ಒಂದೇ ಸಿಹಿ ಎಂದಿದ್ದರು. ಈ ವಾರದ್ದನ್ನು ಭಾನುವಾರಕ್ಕೆಂದು ಕಾಯ್ದಿಟ್ಟಿದ್ದೆ. ಅವತ್ತು ಗದ್ವಾಲದಲ್ಲಿ ಬಾಲ್ಯದ ಗೆಳೆಯನ ಮನೆಯಲ್ಲಿ ಊಟ. ಅವನ ತಾಯಿ ಮಾಡುವ ಹೋಳಿಗೆ ತಿಂದು ಎಷ್ಟೋ ವರ್ಷವಾಗಿತ್ತು.

೧. ಸ್ಟಾಫ್ ರೂಮು

ನಾನು ನಾರಾಯಣಪೇಟೆಯಲ್ಲಿ ಒಂದು ಶಾಲೆಯ ಹೆಡ್‌ಮಾಸ್ಟರ್. ಮೂರು ಕಿಲೋ ಇಳಿದಿದ್ದೇನೆಂದು ಮುಂಜಾನೆ ಬಾಯಿ ತಪ್ಪಿ ಹೇಳಿದೆ. ಮಧ್ಯಾಹ್ನಕ್ಕೆ ಪೇಡೆಯ ಡಬ್ಬಿ ಬಂತು.

“ಏನಿದು?”

“ನೀವು ಇಳಿದ ಖುಷಿಗೆ ಸರ್,” ಎಂದರು ಗಣಿತದ ಮೇಡಂ.

“ನನಗೆ ಬೇಡ.”

“ಅರ್ಧ ತಗೋರಿ.”

“ಮೇಡಂ, ಅರ್ಧ ಪೇಡೆಯೂ ಪೇಡೆಯೇ.”

“ಹಂಗಾದ್ರ ಪೂರ್ತಿನೇ ತಗೋರಿ.”

ನಾನು ಎದ್ದು ಹೊರಟೆ. ಡ್ರಿಲ್ ಮಾಸ್ತರ್ ಹಿಂದಿನಿಂದ ಕೂಗಿದರು: “ಐದು ಕಿಲೋ ಇಳಿದ್ರ ಬಿರಿಯಾನಿ ಅಂತ ಠರಾವ್ ಆಗೇತ್ರಿ ಸರ್.”

೨. ಮಾಮನ ತಕ್ಕಡಿ

ನನ್ನ ಸೋದರಮಾವ ನೇಕಾರರಿಗೆ ರೇಷ್ಮೆ ತೂಗಿ ಕೊಟ್ಟು, ಸೀರೆ ತೂಗಿ ತಗೊಳ್ಳುವವನು. ತೂಕ ಕಡಿಮೆ ಬಂದರೆ ಅವನ ಮುಖ ಕೆಡುತ್ತದೆ.

“ಮೂರು ಕಿಲೋ ಎಲ್ಲಿ ಹೋತು?”

“ಕರಗಿತು ಮಾಮಾ. ದಿನಾ ನಡೀತೀನಿ.”

“ನಮ್ಮ ನೇಕಾರರೂ ಹಿಂಗ ಹೇಳ್ತಾರ. ಹಾದ್ಯಾಗ ಉದುರಿತು, ಗಾಳಿಗಿ ಹಾರಿತು ಅಂತ.”

ಅಷ್ಟಕ್ಕೆ ಬಿಡದೆ ನನ್ನ ಹೆಂಡತಿಗೆ ಫೋನ್ ಹಚ್ಚಿದ. “ಏನವಾ, ಇವನ ಹೊಟ್ಟಿಗಿ ಸರಿಯಾಗಿ ಹಾಕ್ತಿಯೋ ಇಲ್ಲೋ?”

ಸಂಜೆ ನನ್ನ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಬಿತ್ತು.

“ಬೇಡ ಅಂದೆನಲ್ಲ.”

“ನನಗ ಹೇಳಬ್ಯಾಡ್ರಿ. ಮಾಮಾರಿಗೆ ಜವಾಬ್ ಕೊಡಾಕಿ ನಾನು.”

೩. ಮಕ್ತಲ್ ಬಸ್ ಸ್ಟ್ಯಾಂಡು

ಭಾನುವಾರ ಗದ್ವಾಲಕ್ಕೆ ಹೊರಟು ಮಕ್ತಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಲ್ಲಿ ಮಿರ್ಚಿ ಬಜ್ಜಿಯ ಬಂಡಿ ಇಟ್ಟವನು ನನ್ನ ಹಳೆಯ ಶಿಷ್ಯ. ನನ್ನನ್ನು ಕಂಡವನೇ ಪೇಪರಿನ ಮೇಲೆ ನಾಲ್ಕು ಮಿರ್ಚಿ ಇಟ್ಟ.

“ಬೇಡಪ್ಪ. ತೂಕ ಇಳಿಸುತ್ತಿದ್ದೇನೆ.”

“ನಿಮ್ಮ ಕೈಯಾಗ ಏಟು ತಿನ್ನೋ ಮುಂದ ನಾನೂ ಬ್ಯಾಡ ಅಂತಿದ್ದೆ ಸರ್. ನೀವು ಕೇಳಿದ್ರೇನು?”

ನಾಲ್ಕೂ ತಿಂದೆ. ಮಿರ್ಚಿ ಸಿಹಿಯಲ್ಲ ಎಂಬುದೊಂದೇ ಸಮಾಧಾನ.

೪. ಗದ್ವಾಲ

ಗೆಳೆಯ ಬಾಗಿಲಲ್ಲೇ ತಡೆದ. “ಮೂರು ಕಿಲೋ ಅಂದಿ. ಯಾವ ಕಡಿಂದ ಇಳಿದೈತಿ, ತೋರಸು.” ಅವನ ಹೊಟ್ಟೆ ನನ್ನದರ ಎರಡರಷ್ಟಿದೆ.

ಚಿಕ್ಕಂದಿನಲ್ಲಿ ನಾನೂ ಇದೇ ಓಣಿಯವನು. ಓಣಿಗೆಲ್ಲ ಟಿವಿ ಇದ್ದದ್ದು ಈ ಮನೆಯಲ್ಲಿ ಮಾತ್ರ. ಭಾನುವಾರ ಕರಾಟೆ, ಕುಂಗ್‌ಫು ವೀರರನ್ನು ನೋಡಲು ಇಲ್ಲೇ ಬಿದ್ದಿರುತ್ತಿದ್ದೆವು.

“ನನಗ ಗ್ವಾಡಿ ಜಿಗಿಯೋ ಹೀರೋ ಸೇರತಿದ್ದ,” ಎಂದೆ.

“ನನಗ ಬಿಳಿ ಗಡ್ಡದ ಗುರು. ಕುಂತಲ್ಲೇ ಹತ್ತು ಮಂದೀನ ಹೊಡೀತಿದ್ದ.”

“ಅದಕ್ಕೇ ನೀ ಇವತ್ತಿಗೂ ಎದ್ದಿಲ್ಲ.”

“ಅವರು ಉಂಡದ್ದು ಒಮ್ಮೆನಾದ್ರೂ ನೋಡೀಯೇನು?”

ನೋಡಿರಲಿಲ್ಲ.

“ನಾವೂ ಉಣ್ತಿರಲಿಲ್ಲ ಬಿಡು. ಉಣ್ತೀರೇನು ಅಂತ ಅವ್ವ ಒಂದೇ ಸಲ ಕೇಳಾಕಿ. ಟಿವಿ ನೋಡಕೋತ ತೆಲಿ ಅಲ್ಲಾಡಿಸಿದ್ರ ತಾಟು ಒಳಗ ಒಯ್ದುಬಿಡಾಕಿ.”

ಇಬ್ಬರೂ ನಕ್ಕೆವು. ನಾನು ನಗುವ ಬದಲು ಅದನ್ನು ನೆನಪಿಟ್ಟುಕೊಳ್ಳಬೇಕಿತ್ತು.

ಊಟದ ಕೊನೆಗೆ ಅವ್ವ ಹೋಳಿಗೆಯ ತಾಟು ಹಿಡಿದು ಬಂದರು. ತುಪ್ಪ ಇನ್ನೂ ಹರಿಯುತ್ತಿತ್ತು. ಕೇಳಿದ ಕೂಡಲೇ ಹ್ಞೂಂ ಅನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ತಾಟಿಗೆ ಅಡ್ಡ ಹಿಡಿದ ಕೈ ತೆಗೆಯಬೇಕು.

“ಹೋಳಿಗಿ ಹಾಕ್ಲೇನಪಾ?”

“ಬ್ಯಾಡ್ರಿ ಅವ್ವಾ,” ಎಂದು ಕೈ ಅಡ್ಡ ಹಿಡಿದೆ. ಬೆರಳುಗಳ ನಡುವೆ ಸಾಕಷ್ಟು ಜಾಗ ಬಿಟ್ಟಿದ್ದೆ.

“ಹಾಕ್ರಿ ಅತ್ತಿ, ಒಂದಕ್ಕೇನಾಗತೈತಿ,” ಎಂದರು ಗೆಳೆಯನ ಹೆಂಡತಿ. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

“ಒತ್ತಾಯ ಮಾಡವಾ, ತಿಂತಾನ,” ಎಂದ ಗೆಳೆಯ.

“ಬ್ಯಾಡ ಅಂದಾನಲ್ಲ,” ಎಂದರು ಅವ್ವ. “ಇಂಗ್ಲಿಷ್ ಸಾಲಿ ಕಲತಾಂವ. ಬೇಕಿದ್ರ ಬೇಕು ಅಂತಿದ್ದ.”

ನಾನು ಕೈ ತೆಗೆದೆ. ಅಷ್ಟರಲ್ಲಿ ಅವರು ತಾಟು ಒಳಗೆ ಒಯ್ದಾಗಿತ್ತು. ತಿರುಗಿ ಬಂದವರು ಒಂದು ಲೋಟ ಬಿಸಿನೀರು ತಂದು ನನ್ನ ಮುಂದೆ ಇಟ್ಟರು.